ಹಳೆಯ ಬ್ರೇಕ್ ಆಯಿಲ್ ಮೊದಲು ಹೊರಗೆ ಹೋಗಲಿ



ಜೀಪಿನ ಬ್ರೇಕು ಡ್ರೈವರಿಗೂ ಮೆಕ್ಯಾನಿಕ್ಕಿಗೂ ಸೇರಿದ ವಿಷಯ, ಎಲೆ ಕೀಳುವವರಿಗೆ ಅದರಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಆ ಜೀಪಿನ ಹಿಂದೆ ಕುಳಿತು ಇಳಿಜಾರಿನಲ್ಲಿ ಬರುವವರು ನಾವೇ ಆದುದರಿಂದ ಅದು ನಮ್ಮ ವಿಷಯವೂ ಹೌದು. 2023ರ ಆಗಸ್ಟ್ 25ರಂದು ವಯನಾಡಿನ ತಲಪ್ಪುಳದ ಬಳಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಹೊರಟವರ ಜೀಪು ಕಂದಕಕ್ಕೆ ಉರುಳಿ ಒಂಬತ್ತು ಮಂದಿ ಹೆಂಗಸರು ತೀರಿಕೊಂಡರು. ಆ ದುರಂತದ ಕಾರಣವನ್ನು ವಿಚಾರಿಸಲು ನಾವು ಇದನ್ನು ಬರೆಯುತ್ತಿಲ್ಲ. ಗುಡ್ಡದ ದಾರಿಯಲ್ಲಿ ಒಂದು ಜೀಪು ತಪ್ಪಿದರೆ ಎಷ್ಟು ಮನೆಗಳ ದೀಪ ಆರುತ್ತದೆಂಬುದನ್ನು ನೆನಪಿಸುತ್ತಿದ್ದೇವೆ, ಅಷ್ಟೇ.

ಬ್ರೇಕು ಹಿಡಿಯದಿದ್ದರೆ ವಾಷರ್ ಬದಲಿಸುತ್ತಾರೆ, ವೀಲ್ ಸಿಲಿಂಡರ್ ಬದಲಿಸುತ್ತಾರೆ, ಹೊಸ ಲೈನರ್ ಹಾಕಿಸುತ್ತಾರೆ. ಆದರೆ ಎಷ್ಟೋ ಕಡೆ ಪೈಪಿನೊಳಗಿನ ಹಳೆಯ ಆಯಿಲನ್ನು ಹಾಗೆಯೇ ಬಿಟ್ಟು, ಕಡಿಮೆಯಾದಷ್ಟನ್ನು ಮಾತ್ರ ಮೇಲಿನಿಂದ ತುಂಬಿಸುತ್ತಾರೆ. ಇದು ಉಳಿತಾಯವಲ್ಲ, ಅಪಾಯ ಎಂಬುದು ನಮ್ಮ ಅಭಿಪ್ರಾಯ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಗೂಡಲೂರು, ವಯನಾಡಿನಂಥ ಮಳೆಯ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಟ್ 3 ಎಂಬ ಬಗೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಎಂಬುದು ನಿಯಮ. ನೂರರಲ್ಲಿ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಅದು 140 ಡಿಗ್ರಿಗೇ ಕುದಿಯಬಹುದು. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಂಥ ದಾರಿಯಲ್ಲಿ ಬ್ರೇಕು ತುಳಿಯುತ್ತಲೇ ಇಳಿದರೆ ಬಿಸಿ ಏರಿ ಆಯಿಲಿನಲ್ಲಿ ಆವಿ ಕಟ್ಟುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೊಸ ಲೈನರ್ ಹಾಕಿದ್ದರೂ ಇದೇ ಗತಿ. ಮೇಲಾಗಿ ಆ ನೀರು ಒಳಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಕೊಳೆ ಹೊಸ ವಾಷರನ್ನು ಕೆಡಿಸುತ್ತದೆ.

ಕೆಲಸದ ಕ್ರಮ ಕಷ್ಟವಲ್ಲ. ಚಕ್ರದ ಬಳಿಯ ನಿಪ್ಪಲ್‌ಗೆ ರಬ್ಬರ್ ಕೊಳವೆ ಹಾಕಿ, ಪೆಡಲು ತುಳಿದು ಹಳೆಯದನ್ನೆಲ್ಲ ಬಾಟಲಿಗೆ ಇಳಿಸಬೇಕು. ಆಮೇಲೆ ಭಾಗಗಳನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು. ಸೀಲು ಒಡೆಯದ ಡಬ್ಬಿಯ ಆಯಿಲ್ ತುಂಬಿಸಿ, ಗುಳ್ಳೆ ನಿಲ್ಲುವ ತನಕ ಗಾಳಿ ತೆಗೆಯಬೇಕು. ಇಂಜಿನ್ ಆಯಿಲ್ ಒಂದು ತೊಟ್ಟೂ ಸೇರಬಾರದು, ಅದು ವಾಷರನ್ನು ಉಬ್ಬಿಸುತ್ತದೆ. ಇಳಿಸಿದ ಆಯಿಲ್ ವಿಷ. ಅದನ್ನು ತೋಡಿಗೆ ಚೆಲ್ಲಬಾರದು, ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬಾರದು, ಮಕ್ಕಳ ಕೈಗೆ ಸಿಗಬಾರದು. ದೊಡ್ಡ ಲಾರಿಗಳಿಗೆ ಗಾಳಿಯ ಬ್ರೇಕು ಇರುವುದರಿಂದ ಈ ಮಾತು ಜೀಪು, ಪಿಕಪ್, ಸಣ್ಣ ವ್ಯಾನುಗಳಿಗೆ.

ಅರ್ಧ ಲೀಟರ್ ಡಬ್ಬಿಯ ಬೆಲೆ ಒಂದು ಆಳಿನ ಒಂದು ದಿನದ ಕೂಲಿಗಿಂತ ಕಡಿಮೆ. ಇಷ್ಟು ಖರ್ಚಿಗೆ ಹಿಂಜರಿಯುವ ತೋಟ ಯಾವುದೂ ಇರಬಾರದು. ಆಳುಗಳನ್ನು ಒಯ್ಯುವ ಪ್ರತಿ ಗಾಡಿಯ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ, ಬ್ರೇಕಿನ ಭಾಗ ಬದಲಿಸಿದಾಗಲೂ ಪೂರ್ತಿ ಬದಲಿಸಬೇಕು. ಬದಲಿಸಿದ ತಾರೀಖನ್ನು ಗಾಡಿಯ ಪುಸ್ತಕದಲ್ಲಿ ಬರೆಯಬೇಕು. ಆ ತಾರೀಖನ್ನು ಕೇಳುವುದು ಉದ್ಧಟತನವಲ್ಲ, ಹತ್ತುವವರ ಹಕ್ಕು.

ನಮ್ಮ ಪಾಲಿನ ಕೆಲಸವೂ ಒಂದಿದೆ. "ಪೆಡಲು ಮೆತ್ತಗಾಗಿದೆ, ಇಂದು ಗಾಡಿ ಇಳಿಸುವುದಿಲ್ಲ" ಎಂದು ಡ್ರೈವರು ಹೇಳಿದರೆ, ಹೊತ್ತಾಯಿತೆಂದು ನಾವೇ ಅವನ ಮೇಲೆ ರೇಗುವುದುಂಟು. ಇನ್ನು ಹಾಗಾಗದಿರಲಿ. ಆ ದಿನ ಆಫೀಸಿನವರು ಅವನನ್ನು ಗದರಿಸಿದರೆ ಮೇಸ್ತ್ರಿಯೂ ಆಳುಗಳೂ ಒಟ್ಟಾಗಿ ಅವನ ಪಕ್ಕದಲ್ಲಿ ನಿಲ್ಲಬೇಕು. ತಡವಾಗಿಯಾದರೂ ಎಲ್ಲರೂ ಲೈನು ಮನೆಗೆ ತಲಪುವುದೇ ಮುಖ್ಯ.