ಫೋನಿನಲ್ಲಿ ಕೇಳಿ ಐದು ತಂತಿಯ ಬೇಸ್ ಗಿಟಾರ್ ಕೊಳ್ಳಬಹುದೇ?

ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿದೆ ಎಂದುಕೊಳ್ಳಿ. ಜಲನಗರದ ಹುಡುಗನೊಬ್ಬನಿಗೆ ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವ ಅವಕಾಶ ಸಿಕ್ಕಿದೆ. ಅವನ ಹತ್ತಿರ ಇರುವುದು ನಾಲ್ಕು ತಂತಿಯ ಗಿಟಾರ್, ತಂಡದವರು ಕೇಳುತ್ತಿರುವುದು ಐದು ತಂತಿಯದ್ದು. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೊ ಬರುತ್ತದೆ: ‘ಐದು ತಂತಿ, ಭಾರೀ ಮರ, ಆ್ಯಕ್ಟಿವ್ ಪಿಕಪ್, ಸೌಂಡ್ ನೀವೇ ಕೇಳಿ. ಅಡ್ವಾನ್ಸ್ ಹಾಕಿದವರಿಗೆ ಮೊದಲು.’ ಹುಡುಗ ಫೋನನ್ನು ಕಿವಿಗೆ ಹತ್ತಿರ ಹಿಡಿದು ಎರಡು ಸಲ ಕೇಳುತ್ತಾನೆ. ಸೌಂಡ್ ಚೆನ್ನಾಗಿಯೇ ಇದೆ ಅನಿಸುತ್ತದೆ.

ಇಲ್ಲೊಂದು ತೊಡಕಿದೆ. ಯಾವ ತಂತಿಗಾಗಿ ಅವನು ಹೆಚ್ಚಿನ ದುಡ್ಡು ಕೊಡಲು ಹೊರಟಿದ್ದಾನೋ, ಆ ತಂತಿಯ ಮೂಲ ಸ್ವರ ಅವನ ಫೋನಿನ ಸ್ಪೀಕರ್‌ನಿಂದ ಹೊರಗೇ ಬಂದಿಲ್ಲ. ಇದು ಹೇಗೆ, ಹಾಗಿದ್ದರೆ ಐದು ತಂತಿಯ ಗಿಟಾರನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಐದನೇ ತಂತಿ ಏಕೆ ಬೇಕು?

ಇಂದು ನಾವು ನೋಡುವ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗೆ ಮಾದರಿ ಹಾಕಿಕೊಟ್ಟಿದ್ದು 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ತಂದ ಪ್ರಿಸಿಷನ್ ಬೇಸ್. ಅದಕ್ಕೆ ನಾಲ್ಕು ತಂತಿ. ಅತಿ ದಪ್ಪನೆಯ ತಂತಿಯ ಸ್ವರ ‘ಇ’, ಅಂದರೆ ಸೆಕೆಂಡಿಗೆ ಸುಮಾರು 41 ಕಂಪನ, 41 ಹರ್ಟ್ಸ್. ಐದು ತಂತಿಯ ಗಿಟಾರ್‌ನಲ್ಲಿ ಇದರ ಮೇಲ್ಗಡೆ, ನುಡಿಸುವವನ ಮುಖದ ಕಡೆಗೆ, ಇನ್ನೂ ದಪ್ಪನೆಯ ‘ಬಿ’ ತಂತಿ ಇರುತ್ತದೆ. ಅದರ ಸ್ವರ ಸುಮಾರು 31 ಹರ್ಟ್ಸ್.

ಹಾರ್ಮೋನಿಯಂ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಾಲ್ಕು ತಂತಿಯ ಬೇಸ್ ಕೆಳಗೆ ‘ಬಿಳಿ ಮೂರು’ ಮನೆಗೆ ಬಂದು ನಿಲ್ಲುತ್ತದೆ. ಐದನೇ ತಂತಿ ಅದಕ್ಕಿಂತ ಕೆಳಗಿನ ಐದು ಸ್ವರಗಳನ್ನು ಕೊಡುತ್ತದೆ: ಕಪ್ಪು ಎರಡು, ಬಿಳಿ ಎರಡು, ಕಪ್ಪು ಒಂದು, ಬಿಳಿ ಒಂದು ಮತ್ತು ಅದಕ್ಕೂ ಕೆಳಗಿನ ಬಿಳಿ ಏಳು. ಗಾಯಕರು ಕಪ್ಪು ಒಂದರಲ್ಲಿ ಹಾಡುತ್ತಿದ್ದರೆ ನಾಲ್ಕು ತಂತಿಯವನು ಕೆಳಗಿನ ಷಡ್ಜ ಸಿಗದೆ ಮೇಲಿನ ಸಪ್ತಕಕ್ಕೆ ಜಿಗಿಯಬೇಕು. ಐದು ತಂತಿಯವನಿಗೆ ಅದು ಕೈಯಳತೆಯಲ್ಲೇ ಇರುತ್ತದೆ. ಸಿಂಥಸೈಸರ್ ಬಂದ ಮೇಲಿನ ಎಷ್ಟೋ ಸಿನಿಮಾ ಹಾಡುಗಳ ಬೇಸ್ ಈ ಕೆಳಗಿನ ಸ್ವರಗಳಿಗೆ ಇಳಿಯುತ್ತದೆ. ಹಾಗಾಗಿ ರಸಮಂಜರಿ ತಂಡಗಳ ಬೇಡಿಕೆ ಅರ್ಥವಾಗುವಂಥದ್ದೇ.

ಆದರೆ ನಿಮ್ಮ ತಂಡದ ಹಾಡುಗಳ ಪಟ್ಟಿ ತೆಗೆದು ನೋಡಿ. ಈ ಐದು ಸ್ವರಗಳು ಎಷ್ಟು ಹಾಡುಗಳಲ್ಲಿ ಬೇಕಾಗುತ್ತವೆ? ಹತ್ತರಲ್ಲಿ ಒಂದರಲ್ಲಿ ಮಾತ್ರ ಎಂದಾದರೆ ಒಳ್ಳೆಯ ನಾಲ್ಕು ತಂತಿಯ ಗಿಟಾರನ್ನು ಮಾರಿ ಸಾಧಾರಣ ಐದು ತಂತಿಯದ್ದನ್ನು ಕೊಳ್ಳುವುದು ಲಾಭದ ಮಾತಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಐದು ತಂತಿ ಎಂದರೆ ಯಾವಾಗಲೂ ಕೆಳಗಿನ ಸ್ವರವೇ ಎಂಬುದು. 1965ರಲ್ಲಿ ಫೆಂಡರ್ ತಂದ ‘ಬೇಸ್ ಫೈವ್’ನಲ್ಲಿ ಐದನೆಯದು ತೆಳ್ಳಗಿನ, ಮೇಲಿನ ಸ್ವರದ ತಂತಿಯಾಗಿತ್ತು. ಈಗ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಕೆಳಗಿನ ‘ಬಿ’ ಇರುವಂಥವೇ. ಆದರೂ ಹಳೆಯದನ್ನು ಕೊಳ್ಳುವಾಗ ಯಾವ ತಂತಿ ಹಾಕಿದ್ದಾರೆ ಎಂದು ಕೇಳಿಕೊಳ್ಳಿ.

ಫೋನಿನಲ್ಲಿ ನಾವು ಕೇಳುವುದೇನು?

ಫೋನಿನ ಸ್ಪೀಕರ್ ಉಗುರಿನಷ್ಟು ಚಿಕ್ಕದು. ತಗ್ಗಿನ ಸ್ವರ ಹೊರಡಿಸಲು ಹೆಚ್ಚು ಗಾಳಿಯನ್ನು ತಳ್ಳಬೇಕು. ಅಷ್ಟು ಚಿಕ್ಕ ಸ್ಪೀಕರ್‌ಗೆ ಅದು ಆಗುವುದಿಲ್ಲ. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಅದರ ಶಕ್ತಿ ಬೇಗ ಕುಸಿಯುತ್ತದೆ. 31 ಹರ್ಟ್ಸ್ ಅಂತೂ ದೂರದ ಮಾತು.

ಹಾಗಾದರೆ ವಿಡಿಯೊದಲ್ಲಿ ಬೇಸ್ ಕೇಳಿಸಿದ್ದು ಹೇಗೆ? ಕೇಳಿಸಿದ್ದು ನಮ್ಮ ಮಿದುಳಿನ ಲೆಕ್ಕಾಚಾರದಿಂದ. ತಂತಿ ಮೀಟಿದಾಗ ಒಂದೇ ಕಂಪನ ಹುಟ್ಟುವುದಿಲ್ಲ. 31ರ ಜೊತೆಗೆ ಅದರ ಎರಡರಷ್ಟು 62, ಮೂರರಷ್ಟು 93, ನಾಲ್ಕರಷ್ಟು 124, ಹೀಗೆ ಮೇಲುಸ್ವರಗಳ ಸಾಲೇ ಹುಟ್ಟುತ್ತದೆ. ಮೂಲ ಸ್ವರ ಇಲ್ಲದಿದ್ದರೂ ಮೇಲುಸ್ವರಗಳ ನಡುವಿನ ಅಂತರ ನೋಡಿ ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನ್ ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು. ಗಂಡಸರ ದನಿಯ ಮೂಲ ಕಂಪನ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ಆದರೂ ಆ ಕಡೆಯಿಂದ ಮಾತಾಡುತ್ತಿರುವುದು ಕಾಕಾ ಎಂದು ನಮಗೆ ಗೊತ್ತಾಗುತ್ತಿತ್ತಲ್ಲ? ಅದೇ ಇದು.

ನೀವೇ ಪರೀಕ್ಷಿಸಿ. ಇಳಯರಾಜ ಸಂಗೀತದ 1981ರ ‘ಗೀತಾ’ ಸಿನಿಮಾದ ಯಾವುದಾದರೂ ಹಾಡನ್ನು ಮೊದಲು ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಆಮೇಲೆ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿ. ಮೊದಲ ಸಲ ಇಲ್ಲದ ಒಂದು ವಾದ್ಯ ಎರಡನೇ ಸಲ ಕೇಳಿಸಿದಂತಾಗುತ್ತದೆ.

ಇನ್ನೊಂದು ಮರೆಯೂ ಇದೆ. ಅನೇಕ ಫೋನ್‌ಗಳು ರೆಕಾರ್ಡ್ ಮಾಡುವಾಗ ಸಣ್ಣ ಸದ್ದನ್ನು ದೊಡ್ಡದು, ದೊಡ್ಡದನ್ನು ಸಣ್ಣದು ಮಾಡಿ ಸಮಗೊಳಿಸುತ್ತವೆ. ಒಂದು ಸ್ವರ ಜೋರು, ಪಕ್ಕದ್ದು ಸತ್ತಂತೆ ಇದೆ ಎಂಬ ದೋಷ ಇದ್ದರೆ ಅದು ಇಲ್ಲಿಯೇ ಮುಚ್ಚಿಹೋಗುತ್ತದೆ. ಮಾರುವವನು ಮೋಸಗಾರನೇ ಆಗಬೇಕಿಲ್ಲ, ವಿಡಿಯೊ ತಾನಾಗಿಯೇ ದೋಷವನ್ನು ಮರೆಮಾಡುತ್ತದೆ.

‘ಭಾರೀ ಮರ, ಭಾರೀ ಸೌಂಡ್’ ನಿಜವೇ?

ಈ ನಂಬಿಕೆ ನಮ್ಮ ಕಡೆ ಬೇರೂರಲು ಕಾರಣವಿದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ತನ್ನ ತಂಬೂರಿಗೆ ‘ಮೋತಿ ಖಾನ್’ ಎಂದು ಹೆಸರಿಟ್ಟು ಪ್ರೀತಿಸಿದ ಅರಸ. ಈ ಸೀಮೆಯ ಸಂಗೀತಗಾರರು ತಂಬೂರಿ, ಸಿತಾರ್‌ಗೆ ಮಿರಜ್‌ನತ್ತ ನೋಡುತ್ತ ಬಂದವರು. ಅಲ್ಲಿನ ತಂಬೂರಿ, ಸಿತಾರ್‌ಗಳಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ತಂಬೂರಿಯಲ್ಲಿ ಕುಂಬಳದ ಬುರುಡೆ, ಮರದ ಹಲಗೆ ಎರಡೂ ಬಹಳ ಮುಖ್ಯ. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವುದೇ ಅವು. ಬುರುಡೆ ಸರಿ ಇಲ್ಲದಿದ್ದರೆ ನಾದವೂ ಸರಿ ಇರುವುದಿಲ್ಲ.

ಎಲೆಕ್ಟ್ರಿಕ್ ಬೇಸ್‌ನಲ್ಲಿ ಆ ಕೆಲಸವನ್ನು ಮರ ಮಾಡುವುದಿಲ್ಲ. ತಂತಿಯ ಕೆಳಗಿರುವ ಪಿಕಪ್‌ನಲ್ಲಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುತ್ತವೆ. ಉಕ್ಕಿನ ತಂತಿ ಅಲುಗಾಡಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆ್ಯಂಪ್ ಅದನ್ನು ದೊಡ್ಡದು ಮಾಡುತ್ತದೆ. ಮರ ತಂತಿಯ ಅಲುಗಾಟದ ಮೇಲೆ ಅಷ್ಟಿಷ್ಟು ಪ್ರಭಾವ ಬೀರಬಹುದು. ಆದರೆ ಪಿಕಪ್, ತಂತಿ, ಆ್ಯಂಪ್ ಮತ್ತು ಬೆರಳು ಮಾಡುವ ವ್ಯತ್ಯಾಸದ ಮುಂದೆ ಅದು ಚಿಕ್ಕದು. ತಂಬೂರಿಯ ನಿಯಮವನ್ನು ಬೇಸ್ ಗಿಟಾರ್‌ಗೆ ಅನ್ವಯಿಸಿ ಭಾರಕ್ಕೆ ದುಡ್ಡು ಕೊಟ್ಟರೆ, ಮೂರು ಗಂಟೆಯ ಕಾರ್ಯಕ್ರಮದಲ್ಲಿ ಹೆಗಲು ನೋಯುವುದಷ್ಟೇ ಲಾಭ.

‘ಆ್ಯಕ್ಟಿವ್ ಎಂದರೆ ಶ್ರೇಷ್ಠ’ ಎಂಬ ಮಾತೂ ಹಾಗೆಯೇ. ಆ್ಯಕ್ಟಿವ್ ಎಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ಸರ್ಕ್ಯೂಟ್ ಇದೆ ಎಂದರ್ಥ. ಹೆಚ್ಚಿನವಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಸ್ವರವನ್ನು ಗಿಟಾರ್‌ನಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲ ಸಿಗುತ್ತದೆ. ವೇದಿಕೆಯ ಮೇಲೆ ಬ್ಯಾಟರಿ ಮುಗಿದರೆ ಫಜೀತಿಯೂ ನಿಮ್ಮದೇ.

ಒಳ್ಳೆಯ ‘ಬಿ’ ತಂತಿ ಎಂದರೇನು?

ಗುಡುಗುಡು ಅನ್ನುವುದೇ ಒಳ್ಳೆಯ ‘ಬಿ’ ಎಂದು ತಿಳಿದವರಿದ್ದಾರೆ. ವಿಷಯ ಬೇರೆ. 31 ಹರ್ಟ್ಸ್ ಸುತ್ತಮುತ್ತ ನಮ್ಮ ಕಿವಿಯೇ ಮಂದ. ಆ ಸ್ವರ ಕೇಳಿಸತೊಡಗಲು ಸುಮಾರು 60 ಡೆಸಿಬೆಲ್ ಬೇಕು, 1000 ಹರ್ಟ್ಸ್‌ನ ಸ್ವರಕ್ಕೆ ಎರಡು ಮೂರು ಡೆಸಿಬೆಲ್ ಸಾಕು. ಹಾಗಾಗಿ ವೇದಿಕೆಯಲ್ಲೂ ‘ಬಿ’ ಸ್ವರವನ್ನು ನಾವು ಬಹುಪಾಲು ಗುರುತಿಸುವುದು ಮೇಲುಸ್ವರಗಳಿಂದಲೇ.

ಈ ಮೇಲುಸ್ವರಗಳು ಸರಿಯಾಗಿ ಎರಡರಷ್ಟು, ಮೂರರಷ್ಟು ಲೆಕ್ಕದಲ್ಲಿ ಸಾಲಾಗಿ ನಿಂತರೆ ಕಿವಿಗೆ ಒಂದೇ ಸ್ಪಷ್ಟ ಸ್ವರ ಸಿಗುತ್ತದೆ. ತಂತಿ ಅತಿ ಗಡುಸಾಗಿದ್ದರೆ ಮೇಲುಸ್ವರಗಳು ಸ್ವಲ್ಪ ಸ್ವಲ್ಪ ಮೇಲಕ್ಕೆ ಸರಿದು ಸ್ವರ ಕಲಸಿದಂತಾಗುತ್ತದೆ. ‘ಬಿ’ ತಂತಿಗೆ ಈ ಕಷ್ಟ ಹೆಚ್ಚು. ಅದರ ದಪ್ಪ ಸಾಮಾನ್ಯವಾಗಿ 3.3 ಮಿಲಿಮೀಟರ್, ತೆಳ್ಳಗಿನ ‘ಜಿ’ ತಂತಿಯದ್ದು ಸುಮಾರು 1.1.

‘ಇ’ ತಂತಿಯನ್ನೇ ಸಡಿಲಿಸಿ ‘ಬಿ’ಗೆ ಇಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಂಪನದ ವೇಗ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 41ರಿಂದ 31ಕ್ಕೆ ಇಳಿಸಿದರೆ ಬಿಗಿತ ಸುಮಾರು ಶೇ 44ರಷ್ಟು ಹೋಗುತ್ತದೆ. ತಂತಿ ಜೋತುಬಿದ್ದು ಫ್ರೆಟ್‌ಗಳಿಗೆ ಬಡಿಯುತ್ತದೆ. ದಪ್ಪ ತಂತಿ ಬೇಕಾಗುವುದು ಇದಕ್ಕೇ.

ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಉದ್ದ 34 ಇಂಚು. ‘35 ಇಂಚು ಇಲ್ಲದಿದ್ದರೆ ಬಿ ತಂತಿ ದಂಡ’ ಎಂಬ ಮಾತು ಓಡಾಡುತ್ತದೆ. ಅದೇ ತಂತಿಯನ್ನು 35 ಇಂಚಿಗೆ ಹಾಕಿದರೆ ಬಿಗಿತ ಹೆಚ್ಚುವುದು ಸುಮಾರು ಶೇ 6. ಲಾಭ ಇದೆ, ಆದರೆ ಚಮತ್ಕಾರವಲ್ಲ. ಬೆರಳು ಚಿಕ್ಕದಾದವರಿಗೆ ಆ ಒಂದು ಇಂಚು ಭಾರವೂ ಆಗಬಹುದು.

ಕಾಲು ಗಂಟೆಯ ಪರೀಕ್ಷೆ

ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಬಸ್ಸಿನಲ್ಲಿ ಹೋಗಿಯಾದರೂ ಗಿಟಾರ್ ಕೈಗೆತ್ತಿಕೊಂಡು ನೋಡಿ. ಒಂದು ಮಾತು ನೆನಪಿರಲಿ: ಗೋಳಗುಮ್ಮಟದಲ್ಲಿ ಯಾರು ಚಪ್ಪಾಳೆ ತಟ್ಟಿದರೂ ಸೊಗಸಾಗಿಯೇ ಕೇಳಿಸುತ್ತದೆ. ಮೆಚ್ಚುಗೆ ಸಲ್ಲಬೇಕಾದದ್ದು ಗುಮ್ಮಟಕ್ಕೆ, ಅಂಗೈಗಲ್ಲ. ಹಾಗೆಯೇ ಪ್ರತಿಧ್ವನಿಸುವ ಕೋಣೆ, ದೊಡ್ಡ ಆ್ಯಂಪ್, ಎಫೆಕ್ಟ್‌ಗಳು ಗಿಟಾರ್‌ನ ದೋಷ ಮುಚ್ಚುತ್ತವೆ. ಎಫೆಕ್ಟ್ ಎಲ್ಲ ತೆಗೆಸಿ, ಆ್ಯಂಪ್‌ನ ಬೇಸ್, ಟ್ರೆಬಲ್ ನಡುವಿಗೆ ಇಡಿಸಿ, ಆಮೇಲೆ ಶುರು ಮಾಡಿ.

1. ಒಂದೇ ಬಲದಲ್ಲಿ ‘ಇ’ ಮತ್ತು ‘ಬಿ’ ತಂತಿಗಳನ್ನು ಒಂದಾದ ಮೇಲೊಂದು ಮೀಟಿ. ಎರಡೂ ಒಂದೇ ವಾದ್ಯದ್ದು ಅನಿಸಬೇಕು. ‘ಬಿ’ ಮಾತ್ರ ಉಬ್ಬಿ ಕಲಸಿದಂತಿದ್ದರೆ ಎಚ್ಚರ. ತಂತಿ ಹಳೆಯದಾದರೂ ಹೀಗಾಗುತ್ತದೆ. ಹೊಸ ತಂತಿ ಹಾಕಿಸಿ ಕೇಳಲು ಸಾಧ್ಯವೇ ವಿಚಾರಿಸಿ.

2. ಪ್ರತಿ ತಂತಿಯಲ್ಲೂ 12ನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ನುಡಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ಎಣಿಸಿ. ಕೆಲವು ಕಡೆ ಸ್ವರ ಥಟ್ಟನೆ ಸಾಯುತ್ತದೆ. ಗಿಟಾರ್‌ನ ಕುತ್ತಿಗೆಯೇ ಆ ಕಂಪನವನ್ನು ನುಂಗಿಬಿಡುವುದು ಇದಕ್ಕೆ ಕಾರಣ. ‘ಜಿ’ ತಂತಿಯ 5ರಿಂದ 7ನೇ ಫ್ರೆಟ್ ಸುತ್ತ ಇದು ಹೆಚ್ಚು. ಸ್ವಲ್ಪ ಇದ್ದರೆ ನಡೆಯುತ್ತದೆ, ನೀವು ಪದೇಪದೇ ಬಳಸುವ ಸ್ವರವೇ ಸತ್ತಿದ್ದರೆ ಬೇಡ.

3. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಟ್ಯೂನರ್‌ನಲ್ಲಿ ಎರಡೂ ಒಂದೇ ಸ್ವರ ತೋರಿಸಬೇಕು. ಸಣ್ಣ ವ್ಯತ್ಯಾಸವನ್ನು ಬ್ರಿಜ್‌ನಲ್ಲಿ ಸರಿಪಡಿಸಬಹುದು. ಫೋನಿನ ಟ್ಯೂನರ್ ಆ್ಯಪ್‌ಗೆ ಖಾಲಿ ‘ಬಿ’ ತಂತಿ ಗುರುತಿಸುವುದು ಕಷ್ಟವಾದರೆ ಹೀಗೆ ಹಗುರವಾಗಿ ಮುಟ್ಟಿ ನುಡಿಸಿ ಶ್ರುತಿ ಮಾಡಿಕೊಳ್ಳಿ.

4. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿ. ಹೆಚ್ಚು ಬಾಗಿದ್ದರೆ ಒಳಗಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಆದರೆ ಕುತ್ತಿಗೆ ಹುರಿಯಂತೆ ತಿರುಚಿಕೊಂಡಿದ್ದರೆ ರಿಪೇರಿಯ ಆಸೆ ಬಿಡಿ.

5. ಗುಬ್ಬಿಗಳನ್ನೆಲ್ಲ ತಿರುಗಿಸಿ, ಕೇಬಲ್ ಅಲುಗಿಸಿ. ಕರಕರ ಸದ್ದು ಬಂದರೆ ಬೆಲೆ ಇಳಿಸಿ ಕೇಳಲು ಕಾರಣ ಸಿಕ್ಕಿತು.

6. ಬೆಲ್ಟ್ ಹಾಕಿಕೊಂಡು ನಿಂತು ಕೈ ಬಿಡಿ. ತಲೆಭಾಗ ನೆಲದ ಕಡೆ ಜಾರಿದರೆ ಕಾರ್ಯಕ್ರಮದುದ್ದಕ್ಕೂ ಎಡಗೈ ಅದನ್ನು ಹೊತ್ತುಕೊಂಡೇ ಇರಬೇಕಾಗುತ್ತದೆ. ಐದು ತಂತಿಯದ್ದಕ್ಕೆ ಕುತ್ತಿಗೆಯೂ ಅಗಲ. ನಿಮ್ಮ ಬೆರಳು ಸಲೀಸಾಗಿ ‘ಬಿ’ ತಂತಿ ಮುಟ್ಟುತ್ತದೆಯೇ ನೋಡಿ.

ಹೋಗಲು ಆಗದಿದ್ದರೆ?

ಆ ಊರಿನಲ್ಲಿ ನುಡಿಸುವ ಪರಿಚಯದವರಿಗೆ ಈ ಪಟ್ಟಿ ಕಳಿಸಿ ನೋಡಲು ಹೇಳಿ. ಅದೂ ಆಗದಿದ್ದರೆ ಫೋನಿನ ಮೈಕ್ ಬದಲು ಗಿಟಾರ್‌ನ ಕೇಬಲ್‌ನಿಂದ ನೇರವಾಗಿ ರೆಕಾರ್ಡ್ ಮಾಡಿದ ಫೈಲ್ ಕೇಳಿ, ಅದನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಆಲಿಸಿ. ಪ್ರತಿ ಫ್ರೆಟ್‌ನ ಸ್ವರವೂ ಅದರಲ್ಲಿರಲಿ, ಹಾಡಿನ ತುಣುಕು ಮಾತ್ರ ಸಾಲದು.

ನೋಡದ ವಸ್ತುವಿಗೆ, ಕಾಣದ ವ್ಯಕ್ತಿಗೆ ಅಡ್ವಾನ್ಸ್ ಹಾಕಬೇಡಿ. ನಿಮ್ಮ ಹಳೆಯ ಗಿಟಾರ್ ಮಾರುವಾಗಲೂ ಜಾಗ್ರತೆ: ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ’ ಎಂದರೆ ಅದು ವಂಚನೆ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಾರೆ ಹೇಳುವುದಾದರೆ

ಐದನೇ ತಂತಿ ಕೊಡುವುದು ಐದು ಹೊಸ ತಗ್ಗಿನ ಸ್ವರಗಳನ್ನು. ಅವು ನಿಮಗೆ ಬೇಕೇ ಎಂಬುದನ್ನು ನಿಮ್ಮ ಹಾಡುಗಳ ಪಟ್ಟಿ ಹೇಳುತ್ತದೆ. ಅವು ಸ್ಪಷ್ಟವಾಗಿವೆಯೇ ಎಂಬುದನ್ನು ನಿಮ್ಮ ಬೆರಳು ಮತ್ತು ಕಿವಿ ಹೇಳುತ್ತವೆ. ಮರದ ಭಾರ, ಆ್ಯಕ್ಟಿವ್ ಎಂಬ ಪದ ಅಥವಾ ಫೋನಿನಲ್ಲಿ ಬಂದ ವಿಡಿಯೊ ಈ ಎರಡನ್ನೂ ಹೇಳಲಾರವು. ಅಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇಷ್ಟು ಕೇಳಿ: ‘ಬಿ ತಂತಿ ನುಡಿಸಿ ನೋಡಿದವರು ಯಾರು?’