ಸುದ್ದಿಮನೆಯ ನಂಟುಗಳು

ದೂರದರ್ಶನ ಕನ್ನಡನಾಡಿಗೆ ಮೊದಲು ಬಂದದ್ದು ಬೆಂಗಳೂರಿಗಲ್ಲ. ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷದ ಕಾಲ ಉಪಗ್ರಹದ ಮೂಲಕ ಅಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳ ಕಾರ್ಯಕ್ರಮಗಳು ಮೂಡಿದುವು. ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಿಗೆ ಹೊರದೇಶದ ಧಾರಾವಾಹಿಗಳೂ ನಿರಾಯಾಸವಾಗಿ ಬಂದಿಳಿಯುತ್ತವೆ. ಅಂಥವುಗಳ ಪೈಕಿ ಪತ್ರಕರ್ತರ ಬಾಳನ್ನು ಕುರಿತ ಒಂದು ಕಥೆ ಮನೆಮಂದಿಯೆಲ್ಲ ಕೂಡಿ ಚರ್ಚಿಸತಕ್ಕದ್ದಾಗಿದೆ. ಬ್ರಿಟನ್ನಿನ ಬಿ.ಬಿ.ಸಿ. 2011 ಮತ್ತು 2012ರಲ್ಲಿ ಎರಡು ಭಾಗಗಳಾಗಿ ಪ್ರಸಾರ ಮಾಡಿದ ಅದರ ಹೆಸರು ‘ದಿ ಅವರ್’, ಎಂದರೆ ಒಂದು ತಾಸು. ಬರೆದವರು ಆ್ಯಬಿ ಮಾರ್ಗನ್ ಎಂಬ ಲೇಖಕಿ.

ಕಥೆ ಆರಂಭವಾಗುವುದು 1956ರ ಲಂಡನ್ನಿನಲ್ಲಿ. ಹೊಸದಾಗಿ ಹುಟ್ಟಿದ ಒಂದು ಸುದ್ದಿಯ ಕಾರ್ಯಕ್ರಮಕ್ಕೆ ಬೆಲ್ ರೌಲಿ ಎಂಬ ತರುಣಿ ನಿರ್ಮಾಪಕಿಯಾಗುತ್ತಾಳೆ. ಅವಳ ಬಹುಕಾಲದ ಸ್ನೇಹಿತ ಫ್ರೆಡ್ಡಿ ಲಯನ್, ಬುದ್ಧಿವಂತ, ಮುಂಗೋಪಿ, ನಾಲಗೆಯ ಮೇಲೆ ಹಿಡಿತವಿಲ್ಲದ ವರದಿಗಾರ. ಆ ಸ್ಥಾನ ತನಗೆ ಬರಬೇಕಾಗಿತ್ತೆಂಬ ಕಹಿ ಅವನ ಮನಸ್ಸಿನಲ್ಲಿ ಉಳಿದೇ ಇದೆ. ಇವರಿಬ್ಬರ ನಡುವೆ ಬಂದು ನಿಲ್ಲುವವನು ಹೆಕ್ಟರ್ ಮ್ಯಾಡನ್: ರೂಪವಂತ, ದೊಡ್ಡ ಮನೆತನದ ಅಳಿಯ, ಕ್ಯಾಮೆರಾದ ಮುಂದೆ ಕುಳಿತರೆ ಊರೆಲ್ಲ ನಂಬುವಂಥ ಮುಖ.

ಬೆಲ್ ಮತ್ತು ಹೆಕ್ಟರರ ಪ್ರಣಯಕ್ಕೆ ಧಾರಾವಾಹಿಯಲ್ಲಿ ಬಹಳ ಹೊತ್ತು ಮೀಸಲಾಗಿದೆ; ಅದೇ ಅದರ ದುರ್ಬಲ ಭಾಗವೂ ಹೌದು. ಮದುವೆಯಾದವನ ಮೋಹ ಎಲ್ಲಿಗೆ ಮುಟ್ಟೀತೆಂಬುದನ್ನು ಯಾವ ಗೃಹಿಣಿಯಾದರೂ ಎರಡನೆಯ ಕಂತಿನಲ್ಲೇ ಹೇಳಿಯಾಳು. ಹೆಕ್ಟರನ ಹೆಂಡತಿ ಮಾರ್ನಿ ಮಾತ್ರ ಹೆಚ್ಚು ಮಾತಿಲ್ಲದೆ ನೋಡುಗರ ಗೌರವ ಗಳಿಸುತ್ತಾಳೆ. ಮೊದಲು ಅತಿಥಿಗಳಿಗೆ ನಗುಮುಖ ತೋರುವುದಷ್ಟೇ ಕೆಲಸವಾಗಿದ್ದ ಅವಳು, ಮುಂದೆ ತಾನೇ ದೂರದರ್ಶನದಲ್ಲಿ ಅಡುಗೆಯ ಕಾರ್ಯಕ್ರಮ ನಡೆಸುವ ಮಟ್ಟಕ್ಕೆ ಬೆಳೆಯುತ್ತಾಳೆ.

ಫ್ರೆಡ್ಡಿ ಮತ್ತು ಬೆಲ್‌ರ ನಂಟು ಬೇರೆ ಬಗೆಯದು. ಅವರು ಪ್ರೇಮದ ಮಾತಾಡುವುದಿಲ್ಲ, ಜಗಳವಾಡುತ್ತಾರೆ. ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬರಲಿರುವ ವಿಷಯವನ್ನು ಹದಿನಾಲ್ಕು ದಿನ ಮುಂಚಿನಿಂದ ಬಾನುಲಿಯಲ್ಲಾಗಲಿ ದೂರದರ್ಶನದಲ್ಲಾಗಲಿ ಚರ್ಚಿಸಬಾರದೆಂಬ ನಿಯಮ ಆಗ ಬ್ರಿಟನ್ನಿನಲ್ಲಿ ನಿಜವಾಗಿಯೂ ಇತ್ತು. ಸೂಯೆಜ್ ಕಾಲುವೆಯ ವಿಷಯದಲ್ಲಿ ಆ ನಿಯಮವನ್ನು ಎಷ್ಟರಮಟ್ಟಿಗೆ ಮೀರಬಹುದು ಎಂಬಲ್ಲಿ ಇಬ್ಬರ ಪರೀಕ್ಷೆ. ಅವನು ಸತ್ಯವನ್ನು ಹೇಳಿಬಿಡಬೇಕೆನ್ನುವವನು. ಅವಳು ಹೇಳಿದ ಮೇಲೂ ಕಾರ್ಯಕ್ರಮ ಉಳಿಯಬೇಕೆನ್ನುವವಳು. ಎರಡೂ ಸರಿಯೇ. ಆದುದರಿಂದಲೇ ಆ ಜಗಳಕ್ಕೆ ಕಳೆ.

ಎರಡನೆಯ ಭಾಗದ ಕೊನೆಯಲ್ಲಿ ಫ್ರೆಡ್ಡಿಯನ್ನು ದುಷ್ಟರು ಬಡಿದು, ಅರೆಜೀವ ಮಾಡಿ, ಕಚೇರಿಯ ಮುಂದಿನ ಹುಲ್ಲಿನ ಮೇಲೆ ಎಸೆದು ಹೋಗುತ್ತಾರೆ. ಕಥೆ ಅಲ್ಲಿಗೇ ನಿಂತಿತು. ಮೂರನೆಯ ಭಾಗವನ್ನು ಬಿ.ಬಿ.ಸಿ. ತೆಗೆಯಲಿಲ್ಲ.

ಬ್ರಿಟನ್ ಮತ್ತು ಫ್ರಾನ್ಸಿನ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಹಾಕತೊಡಗಿದ ಅದೇ ವಾರ, 1956ರ ನವೆಂಬರ್ 1ರಂದು, ಸೇಡಂ ಚಿತ್ತಾಪುರ ಚಿಂಚೋಳಿಗಳು ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದುವು. ಅದಕ್ಕೆ ಎಂಟು ವರ್ಷ ಹಿಂದೆ, ನಿಜಾಮರ ಆಳ್ವಿಕೆಯ ಕಡೆಯ ದಿನಗಳಲ್ಲಿ, ಹೈದರಾಬಾದಿನ ಇನ್ನೊಂದು ಸುದ್ದಿಮನೆಯಲ್ಲಿ ಇಂಥದೇ ಕಥೆ ನಡೆಯಿತು. ಅದು ಕಲ್ಪಿತವಲ್ಲ.

ಆ ಕಾಲದಲ್ಲಿ ಈ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಸರ್ಕಾರದ ಮಾತು ಉರ್ದು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪಾಠವೂ ಉರ್ದುವಿನಲ್ಲೇ. ಮುಂದೆ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲರು ಓದಿದ್ದು ಅಲ್ಲಿಯೇ. 1874ರಲ್ಲಿ ಹಾಕಿದ ರೈಲುಹಾದಿ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದನ್ನು ಮುಟ್ಟುತ್ತಿತ್ತು. ಹೈದರಾಬಾದಿನಲ್ಲಿ ಅಚ್ಚಾದ ಮಾತು ಈ ಊರುಗಳಿಗೆ ದೂರದ ಮಾತಾಗಿರಲಿಲ್ಲ.

ಅಲ್ಲಿ ‘ರಯ್ಯತ್’ ಎಂಬ ಉರ್ದು ಪತ್ರಿಕೆಯನ್ನು ನಡೆಸುತ್ತಿದ್ದವರು ಮಂದುಮುಲ ನರಸಿಂಗರಾಯರು. ಅವರ ಕೈಕೆಳಗೆ ಪಳಗಿದ ತರುಣ ಶೋಯಬ್‌ಉಲ್ಲಾ ಖಾನ್, ಉಸ್ಮಾನಿಯಾದ ಪದವೀಧರ. ಸರ್ಕಾರದ ಕೋಪಕ್ಕೆ ಗುರಿಯಾಗಿ ‘ರಯ್ಯತ್’ ನಿಂತುಹೋದಾಗ ಶಿಷ್ಯ ಬೇರೆ ಉದ್ಯೋಗ ಹುಡುಕಲಿಲ್ಲ. 1947ರ ಕೊನೆಯಲ್ಲಿ, ಬೂರ್ಗುಲ ರಾಮಕೃಷ್ಣರಾಯರಂಥವರ ನೆರವಿನಿಂದ, ‘ಇಮ್ರೋಜ್’ ಎಂಬ ತನ್ನದೇ ದಿನಪತ್ರಿಕೆ ತೆರೆದ. ಇಮ್ರೋಜ್ ಎಂದರೆ ‘ಈ ದಿನ’. ಹಿಂದೂ ಹಿರಿಯನೊಬ್ಬ ಉರ್ದುವಿನಲ್ಲಿ ಹಚ್ಚಿದ ದೀಪವನ್ನು ಮುಸ್ಲಿಂ ತರುಣನೊಬ್ಬ ಮುಂದಕ್ಕೆ ಹಿಡಿದ. ಅದೂ ಎಂಥ ಹೊತ್ತಿನಲ್ಲಿ! ರಜಾಕಾರರ ಹಾವಳಿಯಿಂದ ಹಳ್ಳಿಗರು ಊರು ಬಿಡುತ್ತಿದ್ದ ಹೊತ್ತಿನಲ್ಲಿ. 1948ರ ಮೇ ತಿಂಗಳಲ್ಲಿ ಶಹಾಬಾದದ ಹಾದಿಯಲ್ಲೇ ಮುಂದಿರುವ ಗಾಣಗಾಪುರದ ನಿಲ್ದಾಣದಲ್ಲಿ ಮದರಾಸು–ಬೊಂಬಾಯಿ ಮೇಲ್ ಗಾಡಿಯ ಮೇಲೆ ದಾಳಿಯಾದ ಹೊತ್ತಿನಲ್ಲಿ.

ಹೈದರಾಬಾದು ಭಾರತವನ್ನು ಸೇರಬೇಕೆಂದು ಕೆಲವರು ಮುಸ್ಲಿಂ ಗಣ್ಯರು ಹೊರಡಿಸಿದ ಹೇಳಿಕೆಯನ್ನು ‘ಇಮ್ರೋಜ್’ ಪ್ರಕಟಿಸಿತು. ವಿರೋಧಿಸುವ ಕೈಗಳನ್ನು ಕತ್ತರಿಸಬೇಕೆಂದು ರಜಾಕಾರರ ನಾಯಕ ಖಾಸಿಂ ರಜ್ವಿ ಸಭೆಯಲ್ಲಿ ಗುಡುಗಿದ. ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಶೋಯಬ್‌ಉಲ್ಲಾನ ಮೇಲೆ ಗುಂಡು ಹಾರಿತು. ಬಿದ್ದವನ ಕೈಯನ್ನು ಕತ್ತಿಯಿಂದ ಕಡಿದರು. ಬೆಳಗಾಗುವುದರೊಳಗೆ ಪ್ರಾಣ ಹೋಯಿತು. ಅವನಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ತಿಂಗಳು ಕಳೆಯುವ ಮೊದಲೇ, ಸೆಪ್ಟೆಂಬರ್ 17ರಂದು, ನಿಜಾಮರು ಸೋಲನ್ನು ಒಪ್ಪಿಕೊಂಡರು.

ಆ ರಾತ್ರಿ ಅವನ ಜೊತೆಗೆ ಇನ್ನೊಬ್ಬರಿದ್ದರು: ಹತ್ತಿರದ ನೆಂಟ, ಇಸ್ಮಾಯಿಲ್ ಖಾನ್. ದಾಳಿ ನಡೆದಾಗ ಓಡಿಹೋಗಲು ಅವರಿಗೆ ಅಡ್ಡಿಯಿರಲಿಲ್ಲ. ಅವರು ಓಡಲಿಲ್ಲ, ಅಡ್ಡ ಹೋಗಿ ತಮ್ಮ ಕೈಯನ್ನೂ ಕಳೆದುಕೊಂಡರು.

‘ದಿ ಅವರ್’ ಬಗೆಯ ಕಥೆಗಳಲ್ಲಿ ಇಂಥವನಿಗೆ ಎರಡು ಮಾತು ಸಿಕ್ಕರೆ ಹೆಚ್ಚು. ನಾಯಕ, ನಾಯಕಿ, ಅವರ ನಡುವಣ ಮೂರನೆಯವನು ಎಂಬ ತ್ರಿಕೋನವನ್ನು ಬಿಟ್ಟು ಲೇಖಕರ ಕಣ್ಣು ಹೊರಳುವುದೇ ಅಪರೂಪ. ‘ಇಮ್ರೋಜ್’ ಕಥೆಯಲ್ಲಿ ಅಂಥ ತ್ರಿಕೋನವಿಲ್ಲ. ತನ್ನ ಪತ್ರಿಕೆ ಮುಚ್ಚಿದ ಮೇಲೂ ಬದುಕಿ ಶಿಷ್ಯನ ಸಾವನ್ನು ಕಾಣಬೇಕಾದ ಗುರು, ನೆರವು ನೀಡಿ 1952ರಲ್ಲಿ ಹೈದರಾಬಾದು ರಾಜ್ಯದ ಮುಖ್ಯಮಂತ್ರಿಯಾದ ಹಿರಿಯ, ದಿನವೂ ರಾತ್ರಿ ಬಾಗಿಲ ಸಪ್ಪಳಕ್ಕೆ ಕಾದ ಮನೆಯವರು, ಇಷ್ಟೇ.

ಕಲಬುರಗಿಯ ಕಡೆಯ ಯಾರಾದರೂ ಇದನ್ನು ನಾಟಕವಾಗಿಯೋ ಧಾರಾವಾಹಿಯಾಗಿಯೋ ಬರೆಯಲು ಹೊರಟರೆ, ಕೊನೆಯ ಕಂತನ್ನು ಗುಂಡಿನ ಸದ್ದಿಗೆ ಮುಗಿಸದೆ ಇಸ್ಮಾಯಿಲ್ ಖಾನರ ಪಾಲಿಗೆ ಬಿಡಬಹುದು. ಗಾಯ ಮಾಗಿದ ಮೇಲೆ, ಉಳಿದ ಒಂದೇ ಕೈಯಲ್ಲಿ ಅವರು ಅದೇ ಬೀದಿಯನ್ನು ಮತ್ತೊಮ್ಮೆ ದಾಟಲೇಬೇಕಾಗಿತ್ತಲ್ಲವೆ?