ಕೆಲಸದ ಸ್ಥಳದಲ್ಲಿ ಧೂಳು ನಿಯಂತ್ರಣ: ಸರಬರಾಜುದಾರರೊಂದಿಗೆ ದೀರ್ಘಾವಧಿ ಒಪ್ಪಂದ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿರುತ್ತದೆ. ಸದರಿ ಸಂಹಿತೆಯ 6ನೇ ಪ್ರಕರಣವು ಉದ್ಯೋಗದಾತರ ಕರ್ತವ್ಯಗಳನ್ನೂ, 8ನೇ ಪ್ರಕರಣವು ಉಪಕರಣಗಳ ತಯಾರಕರು ಹಾಗೂ ಸರಬರಾಜುದಾರರ ಕರ್ತವ್ಯಗಳನ್ನೂ ವಿಧಿಸುತ್ತದೆ. ಕಾರ್ಖಾನೆಗಳ ಅಧಿನಿಯಮ, 1948ಕ್ಕೆ 1987ರಲ್ಲಿ ಸೇರಿಸಲಾದ 7ಬಿ ಪ್ರಕರಣದಲ್ಲಿಯೂ ಇಂತಹುದೇ ಉಪಬಂಧವಿದ್ದಿತು. ಸರಬರಾಜುದಾರರ ಹೊಣೆ ಹೊಸದಲ್ಲ. ಅದನ್ನು ಖರೀದಿ ಕರಾರಿನಲ್ಲಿ ಬರೆಯುವ ರೂಢಿ ಮಾತ್ರ ಬೆಳೆಯಬೇಕಾಗಿದೆ.

ವಿಷಯದ ಮಹತ್ವ

ಜಲ್ಲಿ ಕ್ರಷರ್‌ಗಳು, ಜಿಗಣಿಯ ಗ್ರಾನೈಟ್ ಘಟಕಗಳು, ಬೆಳಗಾವಿಯ ಎರಕದ ಕಾರ್ಖಾನೆಗಳು ಮುಂತಾದೆಡೆ ಕಲ್ಲು ಮತ್ತು ಮರಳಿನಿಂದ ಸಿಲಿಕಾ ಧೂಳು ಏಳುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕಣ್ಣಿಗೆ ಕಾಣುವಂತಹವಲ್ಲ. ಇವುಗಳಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಗುಣಪಡಿಸುವ ಚಿಕಿತ್ಸೆ ಇಲ್ಲ. ಕೆಲಸ ಬಿಟ್ಟ ನಂತರವೂ ರೋಗ ಉಲ್ಬಣಿಸಬಹುದು. ಇದು ವರದಿ ಮಾಡಲೇಬೇಕಾದ ರೋಗವಾಗಿರುತ್ತದೆ.

ಅಗ್ಗದ ದರಪಟ್ಟಿಯ ನಿಜವಾದ ವೆಚ್ಚ

ಧೂಳು ಹೀರುವ ಯಂತ್ರದ ಬೆಲೆಯು ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ವಿದ್ಯುತ್, ಸೋಸುಚೀಲಗಳ ಬದಲಾವಣೆ, ಕೊಳವೆಗಳ ದುರಸ್ತಿ ಇವು ಪ್ರತಿವರ್ಷದ ಖರ್ಚು. ಚೀಲ ಕಟ್ಟಿಕೊಂಡರೆ ಹೀರುವ ಶಕ್ತಿ ಕುಗ್ಗುತ್ತದೆ; ಹರಿದರೆ ಧೂಳು ಸೋಸದೆಯೇ ಹೊರಬೀಳುತ್ತದೆ. ಎರಡೂ ಸಂದರ್ಭಗಳಲ್ಲಿ ಯಂತ್ರ ಓಡುತ್ತಲೇ ಇರುತ್ತದೆ. ಲೆಕ್ಕಪುಸ್ತಕದಲ್ಲಿ ಆಸ್ತಿಯಾಗಿಯೂ ಉಳಿಯುತ್ತದೆ. ಕಾರ್ಮಿಕನಿಗೆ ಮಾತ್ರ ರಕ್ಷಣೆ ಇರುವುದಿಲ್ಲ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ನಕ್ಷೆ ಅನುಮೋದನೆ ಅಥವಾ ಪರವಾನಗಿ ಕೋರುವ ಅರ್ಜಿದಾರರು ಬಹುವರ್ಷದ ಒಪ್ಪಂದ ಮಾಡಿಕೊಳ್ಳುವಾಗ ಈ ಕೆಳಕಂಡವುಗಳನ್ನು ಸೇರಿಸಿಕೊಳ್ಳುವುದು ಸೂಕ್ತ:

1. ಯಂತ್ರದ ಸಾಮರ್ಥ್ಯವಲ್ಲದೆ, ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿನ ಧೂಳಿನ ಪ್ರಮಾಣವೇ ಅಳತೆಗೋಲಾಗಿರತಕ್ಕದ್ದು.
2. ಈ ಅಳತೆಯನ್ನು ಸರಬರಾಜುದಾರರಿಂದಲ್ಲದೆ ಸ್ವತಂತ್ರ ಪ್ರಯೋಗಾಲಯದಿಂದ ಮಾಡಿಸತಕ್ಕದ್ದು.
3. ಚೀಲಗಳ ಒಳ-ಹೊರ ಒತ್ತಡದ ವ್ಯತ್ಯಾಸವನ್ನು ನಿಯತವಾಗಿ ದಾಖಲಿಸತಕ್ಕದ್ದು.
4. ಬಿಡಿಭಾಗಗಳ ದರ ಮತ್ತು ದುರಸ್ತಿಯ ಕಾಲಮಿತಿಯನ್ನು ಮೊದಲೇ ನಿಗದಿಪಡಿಸತಕ್ಕದ್ದು.
5. ನಿರ್ವಹಣೆಯ ಬಗ್ಗೆ ಕನ್ನಡದಲ್ಲಿ ತರಬೇತಿ ನೀಡತಕ್ಕದ್ದು.
6. ಕೆಲಸ ತೃಪ್ತಿಕರವಲ್ಲದಿದ್ದಲ್ಲಿ ಒಪ್ಪಂದ ರದ್ದುಪಡಿಸಲು ಅವಕಾಶವಿರತಕ್ಕದ್ದು.

ದೀರ್ಘಾವಧಿ ಒಪ್ಪಂದದಿಂದ ಒಬ್ಬರೇ ಸರಬರಾಜುದಾರರನ್ನು ಅವಲಂಬಿಸುವ ಅಪಾಯವೂ ಇರುವುದರಿಂದ ಕೊನೆಯ ಷರತ್ತು ಅವಶ್ಯಕ. ಮುಖಗವಸು ವಿತರಣೆಯು ಈ ವ್ಯವಸ್ಥೆಗೆ ಪರ್ಯಾಯವಲ್ಲ.

ಒಪ್ಪಂದವು ಕೆಲಸವನ್ನು ಹಂಚಬಹುದೇ ಹೊರತು ಉದ್ಯೋಗದಾತರ ಶಾಸನಬದ್ಧ ಹೊಣೆಯನ್ನು ವರ್ಗಾಯಿಸುವುದಿಲ್ಲ. ಸರಬರಾಜುದಾರರು ತಪ್ಪಿದರೆಂಬ ಕಾರಣಕ್ಕೆ ಕಾರ್ಮಿಕರ ಆರೋಗ್ಯ ರಕ್ಷಣೆಯ ಕರ್ತವ್ಯದಿಂದ ವಿನಾಯಿತಿ ದೊರೆಯದೆಂಬುದನ್ನು ಅರ್ಜಿದಾರರು ಗಮನಿಸುವುದು.